ಮೊದಲ ಪಾಠದ ಗುರು: ಶ್ರೀ ಪುರಂದರದಾಸರೂ ನಮ್ಮ ಗಡಿನಾಡೂ

ಒಂದು ನುಡಿಯ ಹಿರಿಮೆಯನ್ನು ಅಳೆಯಹೊರಟವರು ಸಾಮಾನ್ಯವಾಗಿ ಅದನ್ನು ಪೋಷಿಸಿದ ಅರಸರನ್ನೂ, ಅದರಲ್ಲಿ ಬರೆದ ಕವಿಗಳನ್ನೂ, ಅದರಲ್ಲಿ ಕೆತ್ತಿದ ಶಾಸನಗಳನ್ನೂ ಎಣಿಸುವುದುಂಟು. ಇವೆಲ್ಲವೂ ಹಿರಿಮೆಯ ಗುರುತುಗಳೇ ಸರಿ. ಆದರೆ ಒಂದು ನುಡಿಯು ಅನ್ಯಭಾಷಿಕರ ಮನೆಯ ಮಕ್ಕಳ ಬಾಯಲ್ಲಿ ಮೊದಲ ಪಾಠವಾಗಿ ನೆಲೆಸುವ ಭಾಗ್ಯವು ಬಹು ಅಪೂರ್ವವಾದುದು. ಕನ್ನಡಕ್ಕೆ ಆ ಭಾಗ್ಯವನ್ನು ತಂದುಕೊಟ್ಟವರು ಶ್ರೀ ಪುರಂದರದಾಸರು. ಹೈದರಾಬಾದಿನಲ್ಲಾಗಲಿ, ವಿಜಯವಾಡದಲ್ಲಾಗಲಿ, ಚೆನ್ನೈಯಲ್ಲಾಗಲಿ, ತಿರುವನಂತಪುರದಲ್ಲಾಗಲಿ ಕರ್ನಾಟಕ ಸಂಗೀತವನ್ನು ಕಲಿಯಲು ಕುಳಿತ ಮಗುವು ಸ್ವರಗಳ ಅಭ್ಯಾಸವನ್ನು ಮುಗಿಸಿ ಮಾತುಳ್ಳ ರಚನೆಗೆ ಬಂದಾಗ, ಮೊಟ್ಟಮೊದಲು ಹಾಡುವುದು ದಾಸರ ಗೀತೆಯನ್ನು. ಆ ಗೀತೆಗಳಲ್ಲಿ ಕೆಲವು ಸಂಸ್ಕೃತಪ್ರಚುರವಾದವು, ಕೆಲವು ತಿಳಿಗನ್ನಡದವು. ಹಾಡುವ ಮಗುವಿನ ಮನೆಮಾತು ತೆಲುಗಿರಬಹುದು, ತಮಿಳಿರಬಹುದು, ಮಲಯಾಳವಿರಬಹುದು. ಅದರ ನಾಲಿಗೆ ಸಂಗೀತದ ಹೊಸ್ತಿಲನ್ನು ದಾಟುವುದು ಕನ್ನಡಿಗನೊಬ್ಬನ ಕೈಹಿಡಿದು.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮೂರು ಸೀಮೆಗಳಲ್ಲಿ ನೆಲೆಸಿ, ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತೆಲುಗು ಉರ್ದುಗಳನ್ನೂ ಆಡುತ್ತ ಬಂದಿರುವ ನಮಗೆ ಈ ಸಂಗತಿಯು ಕೇವಲ ಅಭಿಮಾನದ ವಿಷಯವಾಗಿ ನಿಲ್ಲಬಾರದು. ದಾಸರ ಕೃತಿರಾಶಿಯಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು, ಏಕೆ ಹಾಗಾಯಿತು ಎಂಬುದನ್ನು ವಿಚಾರಮಾಡಿದಲ್ಲಿ ಗಡಿನಾಡಿನ ಕನ್ನಡ ಕುಟುಂಬಗಳಿಗೆ ಅತ್ಯವಶ್ಯಕವಾದ ಪಾಠವೊಂದು ದೊರೆಯುತ್ತದೆಂಬುದು ನಮ್ಮ ನಂಬುಗೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ದಾಸರ ಜೀವನಕಾಲವನ್ನು ಸಾಮಾನ್ಯವಾಗಿ 1484ರಿಂದ 1564ರವರೆಗೆ ಎಂದು ಹೇಳುವುದು ರೂಢಿ. ಅವರ ಜನ್ಮಸ್ಥಳವು ಪುಣೆಯ ಸಮೀಪದ ಪುರಂದರಗಡವೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ; ಮಲೆನಾಡಿನ ತೀರ್ಥಹಳ್ಳಿಯ ಬಳಿಯ ಆರಗದ ಪ್ರದೇಶವೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕ. ತಂದೆ ವರದಪ್ಪ ನಾಯಕರು. ಒಡವೆ ವಸ್ತುಗಳನ್ನು ಒತ್ತೆಯಿಟ್ಟುಕೊಂಡು ಸಾಲ ಕೊಡುವುದೂ ರತ್ನಪಡಿ ವ್ಯಾಪಾರವೂ ಮನೆತನದ ಕಸುಬು. ಅವರನ್ನು ಜನರು ನವಕೋಟಿ ನಾರಾಯಣನೆಂದೇ ಕರೆಯುತ್ತಿದ್ದರೆಂದು ಪ್ರತೀತಿ. ಬಡ ಬ್ರಾಹ್ಮಣನ ವೇಷದಲ್ಲಿ ಬಂದ ದೇವರು ನಾಯಕರಲ್ಲಿ ಕಾಸು ಹುಟ್ಟದೆ ಅವರ ಮಡದಿ ಸರಸ್ವತೀಬಾಯಿಯವರನ್ನು ಬೇಡಿದನೆಂದೂ, ಆ ಸಾಧ್ವಿಯು ತನ್ನ ಮೂಗುತಿಯನ್ನೇ ಕೊಟ್ಟಳೆಂದೂ, ಆ ಮೂಗುತಿಯೇ ನಾಯಕರ ಕಣ್ಣು ತೆರೆಸಿತೆಂದೂ ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುವ ಕಥೆಯನ್ನು ಕೇಳದ ಮಕ್ಕಳಿಲ್ಲ. ಕಥೆಯ ಪವಾಡಾಂಶವನ್ನು ಭಕ್ತರ ಶ್ರದ್ಧೆಗೆ ಬಿಡೋಣ. ಸರ್ವಸ್ವವನ್ನೂ ತ್ಯಜಿಸಿದ ವರ್ತಕನೊಬ್ಬನು ಹೆಂಡತಿ ಮಕ್ಕಳೊಡನೆ ವಿಜಯನಗರವನ್ನು ಸೇರಿ, ಶ್ರೀ ವ್ಯಾಸರಾಯರಲ್ಲಿ ದಾಸದೀಕ್ಷೆಯನ್ನು ಪಡೆದು, ‘ಪುರಂದರ ವಿಠಲ’ ಎಂಬ ಅಂಕಿತವನ್ನು ಧರಿಸಿದನೆಂಬಲ್ಲಿ ಸಂಪ್ರದಾಯವೆಲ್ಲ ಒಮ್ಮತವಾಗಿದೆ.

ವ್ಯಾಸರಾಯರು ಕೃಷ್ಣದೇವರಾಯನ ಆಸ್ಥಾನದಲ್ಲಿ ಪರಮಗೌರವಕ್ಕೆ ಪಾತ್ರರಾಗಿದ್ದ ಯತಿಗಳು. ಸಂಸ್ಕೃತದಲ್ಲಿ ಪ್ರೌಢಗ್ರಂಥಗಳನ್ನು ರಚಿಸಿದ ಮಹಾ ತಾರ್ಕಿಕರು. ಅಂಥವರು ಕನ್ನಡದಲ್ಲಿಯೂ ಹಾಡಿದರು, ಪುರಂದರದಾಸರನ್ನೂ ಕನಕದಾಸರನ್ನೂ ಪ್ರೀತಿಯಿಂದ ಬಳಿಗೆ ಕರೆದುಕೊಂಡರು. 1539ರಲ್ಲಿ ಅವರು ಬೃಂದಾವನಸ್ಥರಾದರು. ಆನೆಗೊಂದಿಯ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. ಹಂಪೆಯಲ್ಲಿ ವಿಠ್ಠಲ ದೇವಾಲಯದ ಸಮೀಪದಲ್ಲಿ, ತುಂಗಭದ್ರೆಯ ನೀರಿನ ಅಂಚಿನಲ್ಲಿ ನಿಂತಿರುವ ಕಲ್ಲುಮಂಟಪಕ್ಕೆ ಇಂದಿಗೂ ಪುರಂದರಮಂಟಪವೆಂದೇ ಹೆಸರು. ಕಾಲಿಗೆ ಗೆಜ್ಜೆ, ಹೆಗಲಿಗೆ ತಂಬೂರಿ, ಕೈಗೆ ಚಿಟಿಕೆಗಳನ್ನು ಧರಿಸಿ ಬೀದಿಬೀದಿಯಲ್ಲಿ ಹಾಡುತ್ತ ಮಧುಕರವೃತ್ತಿಯಿಂದ ಜೀವಿಸಿದ ದಾಸರು ಅರಮನೆಯ ಭಾಷೆಯನ್ನು ಬಯಸಲಿಲ್ಲ. ಅವರು ತಕ್ಕಡಿಯನ್ನು ಹಿಡಿದು ಬೆಳೆದವರು. ಸರಕು, ಲಾಭ, ನಷ್ಟ, ಸಾಲ, ಬಡ್ಡಿಗಳ ಮಾತನ್ನೇ ಭಕ್ತಿಯ ಮಾತನ್ನಾಗಿ ಮಾಡಿದರು. ತಾಂಡೂರಿನ ತೊಗರಿಯ ಅಡತಿಯಲ್ಲಿ ಕುಳಿತವರಿಗೂ, ಹಾಸುಗಲ್ಲಿನ ಗಣಿಯಲ್ಲಿ ದುಡಿಯುವವರಿಗೂ ಅವರ ಪದಗಳು ವ್ಯಾಖ್ಯಾನವಿಲ್ಲದೆ ತಿಳಿಯುವುದು ಈ ಕಾರಣದಿಂದಲೇ.

ಮಾತನ್ನೂ ಧಾತುವನ್ನೂ ತಾನೇ ರಚಿಸಬಲ್ಲವನನ್ನು ನಮ್ಮ ಶಾಸ್ತ್ರಕಾರರು ವಾಗ್ಗೇಯಕಾರನೆಂದು ಕರೆದಿದ್ದಾರೆ. ದಾಸರು ಪದಗಳನ್ನೂ, ತಾಳದ ಕಟ್ಟಿಲ್ಲದೆ ರಾಗಭಾವದಲ್ಲಿ ಹಾಡುವ ಉಗಾಭೋಗಗಳನ್ನೂ, ಭಾಗಭಾಗಕ್ಕೆ ಬೇರೆ ಬೇರೆ ತಾಳಗಳಲ್ಲಿ ಸಾಗುವ ಸುಳಾದಿಗಳನ್ನೂ ರಚಿಸಿ ಆ ಪದವಿಗೆ ಪೂರ್ಣವಾಗಿ ಅರ್ಹರಾದರು. ಆದರೆ ಅವರಿಗೆ ‘ಕರ್ನಾಟಕ ಸಂಗೀತ ಪಿತಾಮಹ’ ಎಂಬ ಬಿರುದು ಸಂದುದು ಕೇವಲ ರಚನೆಗಳ ಸಂಖ್ಯೆಯಿಂದಲ್ಲ. ಕಲಿಯುವವರಿಗೆ ಅವರು ಕ್ರಮವೊಂದನ್ನು ಹಾಕಿಕೊಟ್ಟರೆಂಬುದೇ ಅದಕ್ಕೆ ಮುಖ್ಯ ಕಾರಣ. ಸಂಗೀತ ಸಂಪ್ರದಾಯವು ಈ ಕ್ರಮವನ್ನು ಅವರ ಹೆಸರಿನೊಡನೆಯೇ ಕಾಪಾಡಿಕೊಂಡು ಬಂದಿದೆ.

ಆ ಕ್ರಮದ ಸೊಗಸನ್ನು ಸಂಗೀತವನ್ನು ಅರಿಯದವರೂ ತಿಳಿಯಬಹುದು. ಮೊದಲ ಪಾಠವು ಮಾಯಾಮಾಳವಗೌಳ ರಾಗದಲ್ಲಿ ನಡೆಯುತ್ತದೆ. 72 ಮೇಳಗಳ ಪದ್ಧತಿಯಲ್ಲಿ ಅದು 15ನೆಯದು. ಈ ರಾಗದಲ್ಲಿ ಸ ರಿ ಗ ಮ ಎಂಬ ಪೂರ್ವಾರ್ಧದ ಸ್ವರಗಳ ನಡುವಣ ಅಂತರವು ಹೇಗಿದೆಯೋ ಪ ದ ನಿ ಸ ಎಂಬ ಉತ್ತರಾರ್ಧದಲ್ಲಿಯೂ ಹಾಗೆಯೇ ಇದೆ. ಕೆಳಗಿನ ನಾಲ್ಕು ಮೆಟ್ಟಿಲುಗಳನ್ನು ಹತ್ತಲು ಕಲಿತ ಮಗುವಿಗೆ ಮೇಲಿನ ನಾಲ್ಕು ಮೆಟ್ಟಿಲುಗಳು ಆಗಲೇ ಪರಿಚಿತವಾಗಿರುತ್ತವೆ. ಸರಳೆ ವರಸೆಯಲ್ಲಿ ಸ್ವರಗಳು ಒಂದೊಂದಾಗಿ ಬರುತ್ತವೆ. ಜಂಟಿ ವರಸೆಯಲ್ಲಿ ಎರಡೆರಡಾಗಿ. ದಾಟು ವರಸೆಯಲ್ಲಿ ನಡುವಣ ಸ್ವರವನ್ನು ಬಿಟ್ಟು ನೆಗೆಯುವುದನ್ನು ಕಲಿಯಬೇಕು. ಇವನ್ನು ವಿಳಂಬ, ಮಧ್ಯ, ದ್ರುತಗಳೆಂಬ ಮೂರು ಕಾಲಗಳಲ್ಲಿ ಸಾಧಿಸಬೇಕು. ಅನಂತರ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳಲ್ಲಿ ಅಲಂಕಾರಗಳು. ಸ್ವರವೂ ಲಯವೂ ಹೀಗೆ ಕೈಗೆ ಬಂದಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಮಲಹರಿಯೂ ಮಾಯಾಮಾಳವಗೌಳದಿಂದಲೇ ಹುಟ್ಟಿದ ರಾಗ: ಆರೋಹಣದಲ್ಲಿ ಗಾಂಧಾರ ನಿಷಾದಗಳಿಲ್ಲ, ಅವರೋಹಣದಲ್ಲಿ ನಿಷಾದವಿಲ್ಲ. ಆದುದರಿಂದ ಮಗುವಿಗೆ ಹೊಸ ಸ್ವರಸ್ಥಾನವಾವುದನ್ನೂ ಕಲಿಯುವ ಶ್ರಮವಿಲ್ಲ. ಕಲಿತ ಸ್ವರಗಳಲ್ಲಿಯೇ ಒಂದೆರಡನ್ನು ಬಿಟ್ಟು ಮೊದಲ ಬಾರಿಗೆ ಮಾತನ್ನು ಹಾಡುತ್ತದೆ. ಎಳೆಯರ ಮನಸ್ಸನ್ನು ಇಷ್ಟು ಚೆನ್ನಾಗಿ ಅರಿತ ಪಾಠಕ್ರಮವು ಯಾವ ಶಾಸ್ತ್ರದಲ್ಲಿಯೂ ವಿರಳವೆಂದೇ ಹೇಳಬೇಕು.

ಇಲ್ಲಿ ಇನ್ನೊಂದು ಸಂಗತಿ ಗಮನಾರ್ಹವಾದುದು. ದಾಸರ ಜೀವಿತಕಾಲದಲ್ಲಿಯೇ, 1550ರಲ್ಲಿ, ವಿಜಯನಗರದ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯನು ‘ಸ್ವರಮೇಳಕಲಾನಿಧಿ’ಯೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಮಾಳವಗೌಳ ರಾಗಕ್ಕೆ ಆ ಪಂಡಿತನು ಬಹು ಶ್ರೇಷ್ಠವಾದ ಸ್ಥಾನವನ್ನಿತ್ತಿದ್ದಾನೆ. ಒಂದೇ ಕಾಲದಲ್ಲಿ, ಒಂದೇ ರಾಜ್ಯದಲ್ಲಿ, ಶಾಸ್ತ್ರಜ್ಞನು ಆ ರಾಗವನ್ನು ಗ್ರಂಥದಲ್ಲಿ ಗೌರವಿಸಿದನು. ದಾಸರು ಅದನ್ನು ಮಕ್ಕಳ ಕೊರಳಲ್ಲಿ ಇಟ್ಟರು. ಮೊದಲನೆಯದನ್ನು ಇಂದು ವಿದ್ವಾಂಸರು ಓದುತ್ತಾರೆ. ಎರಡನೆಯದನ್ನು ಪ್ರತಿದಿನ ಬೆಳಗ್ಗೆ ಸಾವಿರಾರು ಮನೆಗಳಲ್ಲಿ ಮಕ್ಕಳು ಹಾಡುತ್ತಾರೆ.

ದಾಸರ ನಿರ್ಯಾಣದ ಬೆನ್ನಲ್ಲಿಯೇ, 1565ರ ಜನವರಿಯಲ್ಲಿ, ರಕ್ಕಸತಂಗಡಿಯ ಯುದ್ಧವು ನಡೆಯಿತು. ವಿಜಯನಗರದ ಮೇಲೆ ದಂಡೆತ್ತಿ ಹೋದ ಸುಲ್ತಾನರಲ್ಲಿ ನಮ್ಮ ನೆರೆಯ ಬೀದರಿನವನೂ ಗೋಲ್ಕೊಂಡದವನೂ ಇದ್ದರು. ನಾವಿರುವ ಈ ಸೀಮೆಯು ಆ ಎರಡು ರಾಜಧಾನಿಗಳ ನಡುವಣದೆಂಬುದನ್ನು ವಾಚಕರು ಬಲ್ಲರು. ಹಂಪೆಯು ಹಾಳಾಯಿತು, ಕಲಾವಿದರಿಗೆ ಆಶ್ರಯ ತಪ್ಪಿತು. ದಾಸರು ರಚಿಸಿದ ಪದಗಳು 4,75,000 ಎಂದು ಸಂಪ್ರದಾಯವು ಹೇಳುತ್ತದೆ; ಇಂದು ನಮ್ಮ ಕೈಗೆ ಸಿಕ್ಕಿರುವುದು ಸುಮಾರು ಒಂದು ಸಾವಿರ. ಅವುಗಳಲ್ಲಿಯೂ ಬಹುಪಾಲಿಗೆ ದಾಸರು ಹಾಡಿದ ಮೂಲ ಧಾಟಿಯು ಉಳಿದಿಲ್ಲ. ಒಂದೇ ಪದವನ್ನು ಮೈಸೂರಿನವರು ಒಂದು ರಾಗದಲ್ಲಿಯೂ, ಧಾರವಾಡದವರು ಇನ್ನೊಂದು ರಾಗದಲ್ಲಿಯೂ, ರಾಯಚೂರಿನ ಮನೆಯ ಹೆಂಗಸರು ಮತ್ತೊಂದು ಧಾಟಿಯಲ್ಲಿಯೂ ಹಾಡುವುದನ್ನು ನಾವೆಲ್ಲರೂ ಕೇಳಿದ್ದೇವೆ. ಪ್ರಸಿದ್ಧ ವಿದುಷಿ ಎಂ. ಎಲ್. ವಸಂತಕುಮಾರಿಯವರು ಹಾಡಿದ ರೀತಿಯೊಂದು, ಗದಗಿನ ಸೀಮೆಯಲ್ಲಿ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರು ಹಿಂದುಸ್ತಾನಿ ಪದ್ಧತಿಯಲ್ಲಿ ಹಾಡಿದ ರೀತಿಯೊಂದು. ಎರಡೂ ಮನೋಹರವೇ. ಆದರೆ ದಾಸರ ಕೊರಳಿನ ಧಾಟಿ ಯಾವುದೆಂದು ಹೇಳಬಲ್ಲವರಿಲ್ಲ.

ಹಾಗಾದರೆ ರಾಗತಾಳಸಮೇತವಾಗಿ ಉಳಿದುದೇನು? ಸರಳೆ, ಜಂಟಿ, ಅಲಂಕಾರ, ಗೀತೆಗಳು. ಮಹಾರಚನೆಗಳ ಧಾಟಿ ಮರೆತುಹೋಯಿತು. ಮಕ್ಕಳ ಅಭ್ಯಾಸವು ಮರೆಯಲಿಲ್ಲ. ಅದನ್ನು ಕಾಪಾಡಲು ಅರಸನ ಅನುಗ್ರಹವು ಬೇಕಾಗಲಿಲ್ಲ, ಕೋಟೆಯೂ ಬೇಕಾಗಲಿಲ್ಲ. ಪ್ರತಿಯೊಬ್ಬ ಗುರುವು ಪ್ರತಿಯೊಬ್ಬ ಶಿಷ್ಯನಿಗೆ ಮೊದಲ ದಿನವೇ ಅದನ್ನು ಹೇಳಿಕೊಟ್ಟನು. ಆ ಶಿಷ್ಯನು ಗುರುವಾದಾಗ ತಾನೂ ಹಾಗೆಯೇ ಮಾಡಿದನು. ಪಾಠವಾದುದು ಉಳಿಯಿತು; ಪಾಠವಾಗದುದು ಅಳಿಯಿತು. ದಾಸರ ಪರಂಪರೆಯ ಇತಿಹಾಸದಿಂದ ಗಡಿನಾಡಿನ ನಾವು ಕಲಿಯಬೇಕಾದ ತತ್ತ್ವವು ಇದೇ.

ಈ ಪಾಠವನ್ನು ಕಾಪಾಡಿದವರಲ್ಲಿ ಕನ್ನಡೇತರರ ಪಾಲು ಬಹು ದೊಡ್ಡದು. ತೆಲುಗಿನಲ್ಲಿ ಅಮರಕೃತಿಗಳನ್ನು ರಚಿಸಿದ ಶ್ರೀ ತ್ಯಾಗರಾಜರು (1767–1847) ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ವೆಂಬ ಗೇಯನಾಟಕದಲ್ಲಿ ಪುರಂದರದಾಸರಿಗೆ ವಂದನೆಯನ್ನು ಸಲ್ಲಿಸಿದ್ದಾರೆ. ತಮಿಳುನಾಡಿನ ಎಟ್ಟಯಪುರದಲ್ಲಿ 1904ರಲ್ಲಿ ಪ್ರಕಟವಾದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯೆಂಬ ಮಹಾಗ್ರಂಥವು ತೆಲುಗು ಲಿಪಿಯಲ್ಲಿ ಅಚ್ಚಾದುದು, ದಾಸರ ರಚನೆಗಳು ಸ್ವರಸಮೇತವಾಗಿ ಅದರಲ್ಲಿ ಸೇರಿವೆ. ತಿರುಮಲ ತಿರುಪತಿ ದೇವಸ್ಥಾನವು ದಾಸಸಾಹಿತ್ಯದ ಪ್ರಚಾರಕ್ಕಾಗಿಯೇ ಪ್ರತ್ಯೇಕ ಯೋಜನೆಯನ್ನು ನಡೆಸುತ್ತ ಬಂದಿದೆ. ತಿರುಮಲೆಯ ಬೆಟ್ಟದ ಬುಡದಲ್ಲಿ ಅಲಿಪಿರಿಯ ಬಳಿ ದಾಸರ ಪ್ರತಿಮೆಯಿದೆ. ತೆಲುಗರೊಡನೆ ಒಂದೇ ಊರಿನಲ್ಲಿ ಬಾಳುತ್ತಿರುವ ನಾವು ಇದನ್ನು ಕೃತಜ್ಞತೆಯಿಂದ ನೆನೆಯಬೇಕು. ನಮ್ಮ ಭಾಷೆಯ ಧನವನ್ನು ನೆರೆಯವರು ತಮ್ಮ ಮಕ್ಕಳಿಗೆ ಹಂಚಿ ಉಳಿಸಿಕೊಟ್ಟಿರುವರು.

ಇನ್ನು ನಮ್ಮ ಸೀಮೆಯ ಕಡೆಗೆ ನೋಡೋಣ. ದಾಸಸಾಹಿತ್ಯವೆಂದರೆ ದೂರದ ಹಂಪೆಯ ವಿಷಯ, ನಮಗೂ ಅದಕ್ಕೂ ನಂಟೇನು ಎಂದು ಕೇಳುವವರುಂಟು. ಹಂಪೆಯು ಹಾಳಾದ ಮೇಲೆ ದಾಸಪರಂಪರೆಯು ಎರಡನೆಯ ಬಾರಿ ಚಿಗುರಿದುದು ನಮ್ಮ ಬಳಿಯ ರಾಯಚೂರಿನ ಸೀಮೆಯಲ್ಲಿ. ಮಾನವಿ ತಾಲ್ಲೂಕಿನ ಚೀಕಲಪರವಿಯಲ್ಲಿ ಜನಿಸಿದ ವಿಜಯದಾಸರು (1682–1755) ಪುರಂದರದಾಸರನ್ನೇ ತಮ್ಮ ಗುರುಗಳೆಂದು ಭಾವಿಸಿದರು. ಅವರ ಶಿಷ್ಯರಾದ ಗೋಪಾಲದಾಸರು (1722–1762) ಉತ್ತನೂರಿನಲ್ಲಿ ನೆಲೆಸಿ ಉತ್ತನೂರು ಗೋಪಾಲದಾಸರೆಂದೇ ಹೆಸರಾದರು. ‘ಹರಿಕಥಾಮೃತಸಾರ’ದ ಕರ್ತೃಗಳಾದ ಜಗನ್ನಾಥದಾಸರು (1728–1809) ಮಾನವಿಯಲ್ಲಿ ಬಾಳಿದರು. ಇವರಲ್ಲಿ ಉತ್ತನೂರು ಇಂದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿದೆ. ವಿಜಯದಾಸರು ದೇಹವಿಟ್ಟ ಚಿಪ್ಪಗಿರಿಯು ಆಂಧ್ರಪ್ರದೇಶದಲ್ಲಿದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದುವು. ಆದರೆ ಗುಲ್ಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು, ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವನ್ನುಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ವೃತ್ತ, ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದುವು. 2014ರ ಜೂನ್ 2ರಂದು ತೆಲಂಗಾಣ ರಾಜ್ಯವು ಉದಯಿಸಿತು. 2016ರಲ್ಲಿ ಹೊಸ ಜಿಲ್ಲೆಗಳಾದಾಗ ಜಹೀರಾಬಾದ್ ಮತ್ತು ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ, ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದುವು. ಹೀಗೆ ಗೋಪಾಲದಾಸರ ಉತ್ತನೂರೂ ನಮ್ಮ ಊರುಗಳೂ ಒಂದೇ ದಿನ, ಒಂದೇ ಶಾಸನದಿಂದ ಗಡಿಯ ಈಚೆಗೆ ಬಂದುವು. ಭೂಪಟದ ಗೆರೆಯು ಬದಲಾಯಿತು. ಉತ್ತನೂರಿನಲ್ಲಿ ರಚಿತವಾದ ಪದಗಳ ಭಾಷೆ ಬದಲಾಗಲಿಲ್ಲ.

ಸಂಗೀತದ ನೆಲೆಯಿಂದ ನೋಡಿದರೂ ಈ ಸೀಮೆ ಬರಿದಾದುದಲ್ಲ. ತಾಂಡೂರನ್ನು ಹಾಯ್ದು ಹರಿಯುವ ಕಾಗಿಣಾ ನದಿಯ ಕೆಳದಂಡೆಯಲ್ಲಿ ರಾಷ್ಟ್ರಕೂಟರ ಮಳಖೇಡವಿದೆ. ‘ಕವಿರಾಜಮಾರ್ಗ’ವು ಹುಟ್ಟಿದುದು ಆ ಆಸ್ಥಾನದಲ್ಲಿ. ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳ ವಿಸ್ತಾರವಾದ ನಿರೂಪಣೆಯಿದೆ. ಅದೇ ಕಲ್ಯಾಣದಲ್ಲಿ ಬಸವಾದಿ ಶರಣರ ವಚನಗಳು ಹೊಮ್ಮಿದುವು. ಝರಾಸಂಗಮದ ಕೇತಕೀ ಸಂಗಮೇಶ್ವರನ ಸನ್ನಿಧಿಗೆ ಗಡಿಯ ಆಚೆಯಿಂದಲೂ ಈಚೆಯಿಂದಲೂ ಕನ್ನಡ ಭಕ್ತರು ಬರುತ್ತಾರೆ. ಜಹೀರಾಬಾದಿನಿಂದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಸಿಕ್ಕುವ ಹುಮನಾಬಾದಿನ ಮಾಣಿಕನಗರದಲ್ಲಿ ಶ್ರೀ ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಹಿಂದಿ ಮೊದಲಾದ ಅನೇಕ ಭಾಷೆಗಳಲ್ಲಿ ಪದಗಳನ್ನು ಹಾಡಿದರು. ದಾಸರ ಪದ, ಶರಣರ ವಚನ, ಪ್ರಭುಗಳ ಪದ ಈ ಮೂರೂ ಒಂದೇ ಭಜನೆಯಲ್ಲಿ ಕೂಡಿಬರುವುದು ನಮ್ಮ ಕಡೆಯ ಹಾಡಿಕೆಯ ವೈಶಿಷ್ಟ್ಯ.

ಆದರೆ ಈ ಹಾಡಿಕೆಯ ಬಹುಭಾಗವು ಇನ್ನೂ ಪಾಠವಾಗಿಲ್ಲವೆಂಬುದೇ ಚಿಂತೆಯ ವಿಷಯ. ದಾಸರ ಪದಗಳು ಮೊದಲು ಅಚ್ಚಿನ ಮುಖವನ್ನು ಕಂಡುದು ಮಂಗಳೂರಿನಲ್ಲಿ, 1850ರ ಸುಮಾರಿಗೆ, ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿಯ ಪ್ರಯತ್ನದಿಂದ. ಅಲ್ಲಿಯವರೆಗೆ, ದಾಸರು ಗತಿಸಿದ ಸುಮಾರು ಮುನ್ನೂರು ವರ್ಷಗಳ ಕಾಲ, ಅವು ಬಾಯಿಯಿಂದ ಬಾಯಿಗೂ ಓಲೆಯಿಂದ ಓಲೆಗೂ ಸಾಗಿಬಂದುವು. ಆ ಸಾಗಾಣಿಕೆಯ ಭಾರವನ್ನು ಹೊತ್ತವರಲ್ಲಿ ನಮ್ಮ ತಾಯಂದಿರು ಅಗ್ರಗಣ್ಯರು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ, ಆರತಿ ಎತ್ತುವಾಗ ಅವರು ಹಾಡಿದರು. ಅಕ್ಷರ ಬಲ್ಲವರು ‘ಹಾಡಿನ ಪುಸ್ತಕ’ವೆಂದು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ಅಂಥ ಪುಸ್ತಕಗಳು ಇಂದಿಗೂ ನಮ್ಮ ಮನೆಗಳ ಟ್ರಂಕುಗಳಲ್ಲಿ, ದೇವರ ಗೂಡಿನಲ್ಲಿ ಇವೆ. ಅವುಗಳನ್ನು ಬರೆದ ಕೈಗಳು ಮುದಿಯಾಗಿವೆ. ಪುಸ್ತಕದಲ್ಲಿ ಮಾತು ಮಾತ್ರ ಇದೆ, ಧಾಟಿಯು ಆ ಅಜ್ಜಿಯ ಕೊರಳಲ್ಲಿದೆ. ದಾಸರ ಮೂಲ ಧಾಟಿಗಳು ಹೇಗೆ ಲುಪ್ತವಾದುವೆಂದು ಮರುಗುವ ನಾವು, ನಮ್ಮ ಕಣ್ಣಮುಂದೆಯೇ ನಡೆಯುತ್ತಿರುವ ಅಂಥದೇ ನಷ್ಟವನ್ನು ನೋಡಿಯೂ ಸುಮ್ಮನಿರುವುದು ಸರಿಯೆ?

ನಮ್ಮ ಮಕ್ಕಳ ಸ್ಥಿತಿಯನ್ನೂ ಆಲೋಚಿಸಬೇಕು. ಸಂಗೀತ ಕಲಿಯುವ ತೆಲುಗು ಮಗುವು ಕನ್ನಡ ಗೀತೆಯನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು, ಅರ್ಥವನ್ನರಿಯದೆ, ಸ್ವರಶುದ್ಧವಾಗಿ ಹಾಡುತ್ತದೆ. ನಮ್ಮ ಮಗುವಿಗೆ ಅರ್ಥವು ಕೇಳಿದೊಡನೆ ತಿಳಿಯುತ್ತದೆ. ಆದರೆ ಅನೇಕ ಮನೆಗಳಲ್ಲಿ ಅದಕ್ಕೆ ಸ್ವರವೂ ಬಾರದು, ಓದಲು ಅಕ್ಷರವೂ ಬಾರದು. ಒಬ್ಬನಲ್ಲಿ ಕೊರಳಿದೆ, ಇನ್ನೊಬ್ಬನಲ್ಲಿ ಅರ್ಥವಿದೆ. ಇವೆರಡನ್ನೂ ಕೂಡಿಸಬಲ್ಲವರು ಎರಡು ಭಾಷೆಗಳನ್ನೂ ಬಲ್ಲ ಗಡಿನಾಡಿನವರಾದ ನಾವೇ ಹೊರತು ಬೆಂಗಳೂರಿನವರಲ್ಲ, ಚೆನ್ನೈಯವರಲ್ಲ. ಗಡಿಯಲ್ಲಿರುವುದನ್ನು ಕೊರತೆಯೆಂದು ಎಣಿಸುವ ಅಭ್ಯಾಸವನ್ನು ಬಿಟ್ಟು, ಅದನ್ನು ಒಂದು ಅಧಿಕಾರವೆಂದು ತಿಳಿಯಬೇಕು.

ಆದುದರಿಂದ ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ನಮ್ಮ ಕುಟುಂಬಗಳಲ್ಲಿ ಕೆಲವು ಸುಲಭವಾದ ಕಾರ್ಯಗಳನ್ನು ಬಿನ್ನವಿಸಿಕೊಳ್ಳುತ್ತೇವೆ. ಮನೆಯಲ್ಲಿರುವ ಹಾಡಿನ ಪುಸ್ತಕವನ್ನು ಮಕ್ಕಳ ಕೈಯಿಂದಲೇ ಶುದ್ಧವಾಗಿ ಪ್ರತಿ ಮಾಡಿಸಿರಿ. ಮಗುವಿಗೆ ಅಕ್ಷರವೂ ಕೂಡುವುದು, ಹಾಡೂ ಉಳಿಯುವುದು. ಹಿರಿಯ ತಾಯಂದಿರು ಹಾಡುವ ಧಾಟಿಯನ್ನು, ಈಗ ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿ ಧ್ವನಿಮುದ್ರಿಸಿ, ಹಾಡಿದವರ ಊರು ಮತ್ತು ದಿನಾಂಕಗಳನ್ನು ಬರೆದಿಡಿರಿ. ದಾಸರ ಆರಾಧನೆಯ ದಿನವಾದ ಪುಷ್ಯ ಬಹುಳ ಅಮಾವಾಸ್ಯೆಯಂದು ನೆರೆಯ ತೆಲುಗು ಮನೆಗಳ ಸಂಗೀತ ಕಲಿಯುವ ಮಕ್ಕಳನ್ನೂ ಕರೆಯಿರಿ. ಅವರು ಗೀತೆಯನ್ನು ಹಾಡಲಿ, ನಮ್ಮ ಮಕ್ಕಳು ಅದರ ಅರ್ಥವನ್ನು ತೆಲುಗಿನಲ್ಲಿ ಬಿಡಿಸಿ ಹೇಳಲಿ. ಅಂದು ನಮ್ಮ ಮಕ್ಕಳಿಗೆ ತಮ್ಮ ಮಾತು ನೆರೆಯವರ ಸಂಗೀತಕ್ಕೂ ತಾಯಿಬೇರೆಂಬುದು ಯಾರೂ ಉಪದೇಶಿಸದೆಯೇ ಮನದಟ್ಟಾಗುವುದು.

1964ರಲ್ಲಿ ಭಾರತ ಸರ್ಕಾರವು ದಾಸರ ಸ್ಮರಣಾರ್ಥವಾಗಿ ಅಂಚೆಚೀಟಿಯೊಂದನ್ನು ಹೊರಡಿಸಿತು. ಅವರ ಹೆಸರಿನಲ್ಲಿ ಮಂಟಪಗಳಿವೆ, ಪ್ರತಿಮೆಗಳಿವೆ, ಉತ್ಸವಗಳಿವೆ. ಇವೆಲ್ಲವೂ ಸಲ್ಲತಕ್ಕ ಗೌರವಗಳೇ. ಆದರೆ ದಾಸರು ತಮ್ಮ ಸ್ಮಾರಕವನ್ನು ತಾವೇ ಕಟ್ಟಿಕೊಂಡು ಹೋದರು. ಅದು ಎಳೆಯ ಮಗುವಿನ ಕೊರಳಲ್ಲಿ ಕಟ್ಟಿದ ಸ್ಮಾರಕ, ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ಏಳುವಂಥದು. ನಮ್ಮ ಸೀಮೆಯ ಕನ್ನಡಕ್ಕೂ ಅದಕ್ಕಿಂತ ಭದ್ರವಾದ ನೆಲೆ ಬೇರೊಂದಿಲ್ಲ. ಸರಕಾರಗಳು ಬರುತ್ತವೆ, ಹೋಗುತ್ತವೆ. ಜಿಲ್ಲೆಗಳ ಹೆಸರು ಬದಲಾಗುತ್ತವೆ. ಮಗುವಿಗೆ ಮನೆಯಲ್ಲಿ ಮೊದಲ ಪಾಠವನ್ನು ಯಾವ ನುಡಿಯಲ್ಲಿ ಹೇಳಿಕೊಡಬೇಕೆಂಬುದು ಮಾತ್ರ ತಾಯಿತಂದೆಗಳ ಕೈಯಲ್ಲಿಯೇ ಉಳಿದಿದೆ. ಆ ಪಾಠವು ಕನ್ನಡದಲ್ಲಿ ನಡೆಯುವವರೆಗೆ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಲ್ಲಿ ಕನ್ನಡವು ಬಾಳುವುದು.